ಬಕೆಟ್ಟು ಇಳಿಸದ ಸಮುದ್ರ

ಆ ದಿನ ಬೆಳಗ್ಗೆ ಗಾಳಿಯೇ ಇರಲಿಲ್ಲ. ಕಡಲ ಕಡೆಯಿಂದ ಎದ್ದ ಮಂಜು ನಿಧಾನವಾಗಿ ಊರೊಳಗೆ ನಡೆದು ಬಂದು, ಬಸ್ ನಿಲ್ದಾಣದ ತಗಡಿನ ಕೆಳಗೆ, ಹಿಂದಿನ ದಿನ ಒಣಹಾಕಿ ಮರೆತ ಬಟ್ಟೆಗಳ ನಡುವೆ, ಕಿಟಕಿಯ ಸರಳುಗಳ ಸಂದಿನಲ್ಲಿ ಕೂತುಬಿಟ್ಟಿತ್ತು. ಬಂದ ನೆಂಟ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಅವತ್ತು ಹೊರಡುವವನಲ್ಲ ಎಂದು ತಿಳಿಯುತ್ತೇವಲ್ಲ, ಹಾಗಿತ್ತು ಅದರ ಗತ್ತು.

ಕ್ಯಾಪ್ಟನ್ ಎದ್ದು ಕಿಟಕಿಯ ಹತ್ತಿರ ನಿಂತರು. ಹಡಗು ಬಿಟ್ಟು ಹನ್ನೆರಡು ವರ್ಷವಾಗಿದ್ದರೂ ಕಣ್ಣು ಬಿಟ್ಟ ಕೂಡಲೇ ಆಕಾಶ ನೋಡುವುದು, ಆಮೇಲೆ ಕೈಮುಗಿದು ‘ಇವತ್ತೊಂದು ದಿನ ನಡೆಸಪ್ಪಾ’ ಎನ್ನುವುದು ಅವರ ರೂಢಿ. ಅವತ್ತು ನೋಡಲು ಆಕಾಶವೇ ಇರಲಿಲ್ಲ. ಮಂಜು ಕಂಡರೆ ಅವರಿಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಯಾಕೆಂದು ಹೆಂಡತಿ ಕೇಳಿದಾಗಲೆಲ್ಲ ‘ಮಂಡಿ ನೋವು’ ಎಂದು ಹೇಳಿ ಮಾತು ಮುಗಿಸುತ್ತಿದ್ದರು.

ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಮಗಳು ಕಾಗದಗಳನ್ನು ಅಂಚಿನಿಂದ ಅಂಚಿಗೆ ಹರಡಿಕೊಂಡು ಕೂತಿದ್ದಳು. ಕಡಲ ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸ. ಹಳೆಯ ಹಡಗುಗಳ ಹವಾಮಾನ ಪುಸ್ತಕಗಳನ್ನು ತರಿಸಿ, ಅವುಗಳಲ್ಲಿ ಬರೆದಿಟ್ಟ ನೀರಿನ ಶಾಖವನ್ನು ಈಗಿನ ಶಾಖದ ಜೊತೆ ಹೋಲಿಸಿ, ಕಡಲು ಎಲ್ಲಿ ಎಷ್ಟು ಬದಲಾಗಿದೆ ಎಂದು ಹುಡುಕುವ ಕೆಲಸ. ಮೂರು ವರ್ಷದ ದುಡಿಮೆಯ ಪ್ರಬಂಧ ಅವತ್ತು ಸಂಜೆ ನಾಲ್ಕು ಗಂಟೆಗೆ ಪತ್ರಿಕೆಗೆ ಹೋಗಬೇಕಿತ್ತು.

“ಅಮ್ಮಾ, ಲೋಟ ಅದರ ಮೇಲೆ ಇಡಬೇಡ! ಅದು ನಲವತ್ತು ವರ್ಷದ ಸಮುದ್ರ.”

“ನಿನ್ನ ಸಮುದ್ರಾನ ಆ ಕಡೆ ಸರಿಸಿದ್ರೆ ಬ್ರೆಡ್ಡು ಇಡ್ತೀನಿ. ಇಲ್ಲಾಂದ್ರೆ ಹಿಂಗೇ ಹಿಡ್ಕೊಂಡು ನಿಂತಿರ್ತೀನಿ, ಮ್ಯೂಸಿಯಂ ಗೊಂಬೆ ಥರ,” ಎಂದರು ತಾಯಿ.

ಮಗಳು ನಗುತ್ತಾ ಒಂದು ಹಾಳೆಯನ್ನು ಅಪ್ಪನ ಮುಂದೆ ತಿರುಗಿಸಿದಳು. “ಇಲ್ಲಿ ನೋಡಪ್ಪಾ. ನಿನ್ನ ಹಳೇ ದಾರಿ. ಈಗ ಪ್ರತಿ ವರ್ಷ ಇದೇ ತಿಂಗಳಲ್ಲಿ ಈ ತಿರುವಿನ ಹತ್ರ ಅಡಿಯಿಂದ ತಣ್ಣೀರು ಎದ್ದು ಬರುತ್ತೆ. ಇಪ್ಪತ್ತೆರಡು ಡಿಗ್ರಿ. ನಿನ್ನ ಕಾಲದಲ್ಲಿ ನೋಡು, ಇಪ್ಪತ್ತಾರೂವರೆ, ಇಪ್ಪತ್ತಾರು ಪಾಯಿಂಟ್ ನಾಲ್ಕು, ಮತ್ತೆ ಇಪ್ಪತ್ತಾರೂವರೆ. ಒಂಬತ್ತು ವರ್ಷ! ಒಂದು ಸಲಾನೂ ಇಳಿದಿಲ್ಲ. ಅಂದ್ರೆ ಈ ತಣ್ಣೀರಿನ ಪಟ್ಟೆ ಹೊಸದು. ಗಾಳಿ ಬದಲಾಗಿರೋದಕ್ಕೆ ಇದೇ ಸಾಕ್ಷಿ. ನನ್ನ ಪ್ರಬಂಧ ಅಂದ್ರೆ ಇಷ್ಟೇ.”

“ಬೇರೆ ಹಡಗಿನವರು ಏನು ಬರೆದಿದ್ದಾರೆ?” ಕ್ಯಾಪ್ಟನ್ ಕೇಳಿದರು. ಉತ್ತರ ಅವರಿಗೆ ಗೊತ್ತಿತ್ತು.

“ಆ ದಾರಿಯಲ್ಲಿ ಆಗ ನಿನ್ನ ಹಡಗು ಬಿಟ್ರೆ ಇನ್ಯಾವುದು ಹೋಗ್ತಿತ್ತು? ನೀನು ಬರೆದಿಡದೆ ಇದ್ದಿದ್ರೆ ನನ್ನ ಕೈಗೆ ಚಿಪ್ಪೇ ಗತಿ. ಕೊನೇಲಿ ನಿನಗೆ ಕೃತಜ್ಞತೆ ಅಂತ ಹಾಕಿದ್ದೀನಿ. ಹೆಸರು ಸರಿಯಾಗಿದೆಯಾ ನೋಡ್ಕೋ.”

ಕ್ಯಾಪ್ಟನ್ ಕನ್ನಡಕ ಹುಡುಕುವ ನೆಪದಲ್ಲಿ ಜೇಬು ತಡಕಿದರು. ಕನ್ನಡಕ ಮೂಗಿನ ಮೇಲೆಯೇ ಇತ್ತು.

“ಇನ್ನೊಂದು ತಮಾಷೆ,” ಎಂದಳು ಮಗಳು. ನೀಲಿ ಚುಕ್ಕೆಗಳ ಉದ್ದನೆಯ ಸಾಲಿನ ಕೆಳಗೆ ಒಂದೇ ಕಡೆ ಆರು ಕೆಂಪು ಗುರುತುಗಳಿದ್ದವು. “ಮೂವತ್ತೆಂಟು ವರ್ಷದ ಹಿಂದೆ, ಒಂದೇ ಪಯಣ, ಮೂರು ದಿನ. ಇಪ್ಪತ್ತೆರಡು, ಇಪ್ಪತ್ತೊಂದು ಪಾಯಿಂಟ್ ಎಂಟು ಅಂತ ಬರೆದಿದ್ದಾನೆ ಯಾವನೋ ಮಹಾನುಭಾವ. ಅಕ್ಕಪಕ್ಕದ ನಿನ್ನ ಓದಿಗೂ ಅದಕ್ಕೂ ತಾಳಮೇಳ ಇಲ್ಲ. ಕಂಪ್ಯೂಟರ್ರೇ ಎತ್ತಿ ಬಿಸಾಕಿದೆ. ಪಕ್ಕದಲ್ಲಿ ನಿನ್ನ ಆಗಿನ ದೊಡ್ಡ ಕ್ಯಾಪ್ಟನ್ ‘ನಂಬಲು ತಕ್ಕದ್ದಲ್ಲ’ ಅಂತ ಷರಾ ಹೊಡೆದಿದ್ದಾರೆ. ಏನಪ್ಪಾ, ಥರ್ಮಾಮೀಟರ್ ಐಸ್ ಡಬ್ಬದಲ್ಲಿ ಅದ್ದಿದ್ನಾ?”

ತಾಯಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಬಕೆಟ್ಟು ಕಣೇ ಅವನು! ನಿಮ್ಮಪ್ಪ ಹೇಳಿ ಹೇಳಿ ನಮ್ಮ ಹೊಟ್ಟೆ ಹುಣ್ಣು ಮಾಡಿಲ್ವಾ? ಎಲ್ಲರ ಎದುರಿಗೆ ಬಕೆಟ್ಟು ಇಳಿಸಿ ಪೆಚ್ಚಾದೋನು. ರೀ, ಇನ್ನೊಂದು ಸಲ ಹೇಳ್ರೀ.”

ಆ ಕಥೆ ಆ ಮನೆಯ ಆಸ್ತಿ. ನೆಂಟರು ಬಂದಾಗ, ಮದುವೆಯ ಊಟವಾದ ಮೇಲೆ, ಕರೆಂಟು ಹೋದಾಗ ಕ್ಯಾಪ್ಟನ್ ಅದನ್ನು ಹೇಳದಿದ್ದರೆ ಸಭೆ ಮುಗಿದಂತೆಯೇ ಇರುತ್ತಿರಲಿಲ್ಲ. ಹಗ್ಗ ಎಳೆಯುವುದನ್ನು, ಥರ್ಮಾಮೀಟರನ್ನು ಮೂಗಿನ ತನಕ ತಂದು ಕಣ್ಣು ಕಿರಿದು ಮಾಡುವುದನ್ನು ಆಡಿ ತೋರಿಸುತ್ತಿದ್ದರು. ಅವತ್ತು ಆಡಿ ತೋರಿಸಲಿಲ್ಲ. ಆದರೆ ನಕ್ಕರು. ಮಗಳು ನೋಡುತ್ತಿದ್ದಳು, ಹೆಂಡತಿ ನೋಡುತ್ತಿದ್ದರು, ಬಾಯಿ ತಾನಾಗಿಯೇ ಅಗಲವಾಯಿತು. ಆ ನಗು ಮುಗಿಯುವ ಮೊದಲೇ ಅವರಿಗೆ ತಮ್ಮ ಮೇಲೆ ಅಸಹ್ಯ ಹುಟ್ಟಿತ್ತು.

ಮಗಳು ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಮಂಜಿನೊಳಗೆ ಹೊರಟು ಹೋದಳು.

ನಡೆದದ್ದು ಇಷ್ಟು. ಕ್ಯಾಪ್ಟನ್ ಆಗ ಕ್ಯಾಪ್ಟನ್ ಆಗಿರಲಿಲ್ಲ, ಸರಕು ಹಡಗಿನ ಸೆಕೆಂಡ್ ಆಫೀಸರ್. ದಿನಕ್ಕೆ ನಾಲ್ಕು ಹೊತ್ತು ಸಮುದ್ರದ ಶಾಖ ಅಳೆದು ಪುಸ್ತಕದಲ್ಲಿ ಬರೆಯಬೇಕು ಎಂಬುದು ಹವಾಮಾನ ಇಲಾಖೆಯ ಕೋರಿಕೆ. ಎರಡು ಹೊತ್ತು ಇವರದು, ಎರಡು ಹೊತ್ತು ಥರ್ಡ್ ಆಫೀಸರನದು. ಅಳೆಯುವುದೆಂದರೆ ದಪ್ಪ ಬಟ್ಟೆಯ ಬಕೆಟ್ಟಿಗೆ ಹಗ್ಗ ಕಟ್ಟಿ, ಓಡುವ ಹಡಗಿನ ಪಕ್ಕದಿಂದ ಕೆಳಗಿಳಿಸಿ, ತುಂಬಿದ ಮೇಲೆ ಕೈ ಕಿತ್ತುಹೋಗುವ ಹಾಗೆ ಎಳೆದು, ಬಿಸಿಲು ಗಾಳಿ ತಾಗದ ಮೂಲೆಗೆ ಒಯ್ದು, ಥರ್ಮಾಮೀಟರ್ ಅದ್ದಿ, ಪಾದರಸ ನಿಲ್ಲುವ ತನಕ ಕಾದು ಓದುವುದು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ, ಮೈಯೆಲ್ಲ ಒದ್ದೆ.

ಮೊದಲ ಸಲ ಇವರು ಬಕೆಟ್ಟು ಇಳಿಸದೆ ಬರೆದದ್ದು ಬಿರುಗಾಳಿಯ ದಿನ. ಅವತ್ತು ಅಂಚಿನ ಹತ್ತಿರ ಹೋಗಿದ್ದರೆ ಜೀವವೇ ಹೋಗುತ್ತಿತ್ತು. ಆ ತಪ್ಪನ್ನು ದೇವರೂ ತಪ್ಪೆನ್ನಲಾರ. ಹಿಂದಿನ ಹೊತ್ತಿನ ಅಂಕಿಗೆ ಒಂದು ಹನಿ ಕೂಡಿಸಿ ಬರೆದರು. ಯಾರೂ ಕೇಳಲಿಲ್ಲ. ಎರಡನೆಯ ಸಲ ನೆಗಡಿ. ಮೂರನೆಯ ಸಲ ಕೈಯಲ್ಲಿ ಬಿಸಿ ಚಹಾ ಇತ್ತು, ಅಷ್ಟೇ. ತಪ್ಪು ಮಾಡಿದ ಕೂಡಲೇ ಮೇಲಿನವನು ಕಿವಿ ಹಿಂಡುವುದಿಲ್ಲ, ಸುಮ್ಮನೆ ಕಾಯುತ್ತಾನೆ. ಆ ಮೌನವನ್ನೇ ಮನುಷ್ಯ ಅಪ್ಪಣೆ ಎಂದುಕೊಂಡುಬಿಡುತ್ತಾನೆ. ಹೀಗೆ ನಕ್ಷೆಯ ಕೋಣೆಯಲ್ಲಿ ಬೆಚ್ಚಗೆ ಕೂತು ಸಮುದ್ರದ ಶಾಖ ಬರೆಯುವುದು ಅವರಿಗೆ ರೂಢಿಯಾಯಿತು. ಜಾಣರು, ಒಂದೇ ಅಂಕಿ ಬರೆಯುತ್ತಿರಲಿಲ್ಲ. ಒಮ್ಮೆ ಅರ್ಧ, ಒಮ್ಮೆ ಪಾಯಿಂಟ್ ನಾಲ್ಕು, ನಿಜದಂತೆ ಕಾಣುವಷ್ಟು ಏರಿಳಿತ.

ಥರ್ಡ್ ಆಫೀಸರ್ ಇಪ್ಪತ್ತಮೂರರ ಹುಡುಗ, ಕಡ್ಡಿಯಂಥ ಮೈ. ಅವನು ಮಾತ್ರ ಮಳೆ ಇರಲಿ ಅಲೆ ಇರಲಿ, ಬಕೆಟ್ಟು ಇಳಿಸಿಯೇ ಇಳಿಸುತ್ತಿದ್ದ. ಒಂದು ಸಲವಲ್ಲ, ಪ್ರತಿ ಹೊತ್ತಿಗೂ ಎರಡು ಸಲ. ಹಡಗಿನವರು ಅವನಿಗೆ ಬಕೆಟ್ಟು ಎಂದೇ ಹೆಸರಿಟ್ಟರು. ದೊಡ್ಡ ಕ್ಯಾಪ್ಟನ್ನಿಗೆ ಬಕೆಟ್ಟು ಹಿಡಿಯುತ್ತಾನೆ ಎಂದು ಹಿಂದಿನಿಂದ ಆಡಿಕೊಂಡರು. ಪಾಪ, ಅವನು ಹಿಡಿದದ್ದು ನಿಜವಾದ ಬಕೆಟ್ಟು ಮಾತ್ರ.

ಆ ತಿರುವಿನ ಹತ್ತಿರ ಮೂರು ದಿನ ಹಡಗು ಮಂಜಿನಲ್ಲಿ ನಡೆಯಿತು. ಬೆಚ್ಚನೆಯ ಸಮುದ್ರದ ಮೇಲೆ ಹಾಗೆ ಮಂಜು ಕೂರುವುದಿಲ್ಲ. ಅಡಿಯಲ್ಲಿ ತಣ್ಣೀರು ಇರಬೇಕು. ಎಲ್ಲಿಂದಲೋ ಹಕ್ಕಿಗಳು ಗುಂಪುಗುಂಪಾಗಿ ಬಂದು ನೀರಿಗೆ ಬೀಳುತ್ತಿದ್ದವು. ಸೆಕೆಂಡ್ ಆಫೀಸರಿಗೆ ಇದೆಲ್ಲ ಗೊತ್ತಿತ್ತು. ಬಕೆಟ್ಟು ಇಳಿಸಬೇಕು ಎಂದೂ ಅನ್ನಿಸಿತು. ಆದರೆ ಇಷ್ಟು ದಿನ ಬರೆದ ಅಂಕಿ ಇಪ್ಪತ್ತಾರೂವರೆ, ಅದಕ್ಕೆ ತಕ್ಕಂತೆ ಬರೆದರು. ಆ ಹುಡುಗ ಇಪ್ಪತ್ತೆರಡು ಬರೆದ. ಪುಸ್ತಕ ನೋಡಿದ ದೊಡ್ಡ ಕ್ಯಾಪ್ಟನ್ ಇಬ್ಬರನ್ನೂ ಕರೆಸಿದರು.

“ಆರು ಗಂಟೆಗೊಮ್ಮೆ ಸಮುದ್ರಕ್ಕೆ ಜ್ವರ ಬಂದು ಹೋಗುತ್ತೇನ್ರಯ್ಯಾ? ಯಾರದು ಸರಿ?”

ಆಗ ಒಂದು ಮಾತು ಸಾಕಿತ್ತು. ಸೆಕೆಂಡ್ ಆಫೀಸರ್ ಹೇಳಿದ ಮಾತು ಬೇರೆ. “ಹುಡುಗ ಸಾರ್. ಥರ್ಮಾಮೀಟರ್ ಓದೋದು ಇನ್ನೂ ಕೈಗೆ ಹತ್ತಿಲ್ಲ.”

ಹುಡುಗ ಬೆಚ್ಚಿ ಇವರ ಮುಖ ನೋಡಿದ. ಆಮೇಲೆ, “ಸಾರ್, ಎಲ್ಲರ ಎದುರಿಗೇ ಇಳಿಸ್ತೀನಿ. ನೀವೇ ಓದಿ,” ಎಂದ.

ದೊಡ್ಡ ಕ್ಯಾಪ್ಟನ್ನಿಗೆ ಬಿಡುವಾದದ್ದು ಮರುದಿನ ಮಧ್ಯಾಹ್ನ. ಹಡಗು ನಿಂತಲ್ಲಿ ನಿಲ್ಲುವ ಮನೆಯಲ್ಲ. ಒಂದು ಹಗಲು ಒಂದು ರಾತ್ರಿಯಲ್ಲಿ ಮುನ್ನೂರು ಮೈಲಿ ದಾಟಿತ್ತು. ಮಂಜು ಹರಿದು ಬಿಸಿಲು ಬಂದಿತ್ತು, ಹಕ್ಕಿಗಳಿರಲಿಲ್ಲ. ತಣ್ಣೀರು ಹಿಂದೆ ಉಳಿಯಿತು ಎಂದು ಸೆಕೆಂಡ್ ಆಫೀಸರಿಗೆ ಗೊತ್ತಾಯಿತು. ಗೊತ್ತಾಗಿಯೂ ಹಗ್ಗದ ಪಕ್ಕದಲ್ಲಿ ಕೈಕಟ್ಟಿ ನಿಂತರು. ಬಕೆಟ್ಟು ಮೇಲೆ ಬಂತು. ಇಪ್ಪತ್ತಾರು ಪಾಯಿಂಟ್ ಐದು. ಹಡಗಿಗೆ ಹಡಗೇ ನಕ್ಕಿತು.

ಅವತ್ತು ಸಂಜೆ ಹುಡುಗ ಇವರ ಬಾಗಿಲು ತಟ್ಟಿದ. ಕೈಯಲ್ಲಿ ಅಂಗೈಯಗಲದ ಒಂದು ಪುಸ್ತಕ. “ಸಾರ್, ನನ್ನ ಮಾತು ಅವರು ಕೇಳಲ್ಲ. ಇದರಲ್ಲಿ ಪ್ರತಿಯೊಂದೂ ಬರೆದಿದ್ದೀನಿ. ಎರಡೆರಡು ಸಲ ಅಳೆದದ್ದು, ಯಾವ ಕಡೆಯಿಂದ ಇಳಿಸಿದೆ, ಎಷ್ಟು ನಿಮಿಷ ಇಟ್ಟೆ, ಮಂಜು, ಹಕ್ಕಿ, ಎಲ್ಲ. ನೀವು ತೋರಿಸಿದ್ರೆ ನೋಡ್ತಾರೆ.” ತನ್ನನ್ನು ಮುಳುಗಿಸಿದವರ ಕೈಗೇ ಅವನು ಅದನ್ನು ಒಪ್ಪಿಸಿ ಹೋದ. ಅಳೆಯದೆಯೇ ಬರೆಯುವ ಮನುಷ್ಯ ಇರಬಹುದು ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ.

ಇವರು ತೋರಿಸಲಿಲ್ಲ. ಹವಾಮಾನದ ಕೆಲಸ ಪೂರ್ತಿ ಇವರ ಪಾಲಿಗೆ ಬಂತು. ಬಂದರು ಮುಟ್ಟಿದಾಗ ಹುಡುಗನ ವರದಿಯಲ್ಲಿ ‘ಅಳತೆಯಲ್ಲಿ ಅಜಾಗರೂಕ’ ಎಂದು ಬಿತ್ತು. ಮುಂದಿನ ಹಡಗಿಗೆ ಅವನನ್ನು ಯಾರೂ ತೆಗೆದುಕೊಳ್ಳಲಿಲ್ಲ. ವರ್ಷಗಳ ಮೇಲೆ ಒಮ್ಮೆ ಇದೇ ಊರಿನ ಬಂದರಿನಲ್ಲಿ, ಕಟ್ಟೆಯ ಮೇಲೆ ಬಗ್ಗಿ, ಉಬ್ಬರ ಇಳಿತ ಅಳೆಯುವ ಕಂಬದ ಅಂಕಿ ಓದುತ್ತಿದ್ದವನನ್ನು ಕ್ಯಾಪ್ಟನ್ ಕಂಡರು. ಐಸ್ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಮನೆ ಎಂದು ಯಾರೋ ಹೇಳಿದರು. ಅಂದಿನಿಂದ ಆ ಬೀದಿಯಲ್ಲಿ ಅವರು ಕಾಲಿಟ್ಟಿರಲಿಲ್ಲ. ಆಸ್ಪತ್ರೆಗೂ ಸುತ್ತುಬಳಸಿಯೇ ಹೋಗುತ್ತಿದ್ದರು.

ಪುಸ್ತಕ ಮಾತ್ರ ಪೆಟ್ಟಿಗೆಯ ತಳದಲ್ಲಿ ಉಳಿದಿತ್ತು. ಎರಡು ಸಲ ಸಮುದ್ರಕ್ಕೆ ಎಸೆಯಲು ಹೋಗಿ ಕೈ ಬಂದಿರಲಿಲ್ಲ. ಪೆಟ್ಟಿಗೆ ಮುಚ್ಚಿ ದೇವರ ಮುಂದೆ ಕೂತರೆ ಪ್ರಾರ್ಥನೆಯ ನಡುವೆ ಇಪ್ಪತ್ತೆರಡು, ಇಪ್ಪತ್ತೊಂದು ಪಾಯಿಂಟ್ ಎಂಟು ಎಂಬ ಅಂಕಿಗಳೇ ಬಾಯಿಗೆ ಬರುತ್ತಿದ್ದವು.

ಅವತ್ತು, ಮಗಳು ಹೊರಟು ಹೋದ ಮೇಲೆ, ಅವರು ಅದನ್ನು ತೆಗೆದು ಅಂಗಿಯ ಒಳಜೇಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದರು.

“ಈ ಮಂಜಲ್ಲಿ ಎಲ್ಲಿಗ್ರೀ ಸವಾರಿ? ಯಾವ ಹಡಗು ತಪ್ಪಿ ಹೋಗುತ್ತೆ?” ಎಂದು ಹೆಂಡತಿ ಕೇಳಿದರು.

“ಮಗಳ ಆಫೀಸಿಗೆ.” ಬಾಗಿಲಲ್ಲಿ ನಿಂತು ತಿರುಗಿದರು. “ನೋಡು, ಆ ಬಕೆಟ್ಟಿನ ಕಥೆ ಇನ್ನು ಯಾರಿಗೂ ಹೇಳಬೇಡ.”

“ನಾನೆಲ್ಲಿ ಹೇಳ್ತೀನಿ? ನೀವೇ ತಾನೆ…” ಎಂದವರು ಗಂಡನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದರು.

ಸಂಶೋಧನಾ ಕೇಂದ್ರದ ಎರಡನೆಯ ಮಹಡಿಯಲ್ಲಿ ಮಗಳ ಕೋಣೆ. ಕಡಲಡಿಯ ಕೆಸರು ತುಂಬಿದ ಉದ್ದನೆಯ ಕೊಳವೆಗಳನ್ನು ಜೋಡಿಸಿಟ್ಟ ಓಣಿ ದಾಟಿ ಹೋಗಬೇಕು. ಕೋಣೆಯಲ್ಲಿ ಒಂದು ಮೇಜು, ಬಗ್ಗುವ ಕತ್ತಿನ ದೀಪ, ಹಳೆಯ ಹವಾಮಾನ ಪುಸ್ತಕಗಳ ನಕಲು ತುಂಬಿದ ರಟ್ಟಿನ ಪೆಟ್ಟಿಗೆಗಳು. ಅಪ್ಪನನ್ನು ಕಂಡು ಮಗಳು ಗಾಬರಿಯಿಂದ ಎದ್ದಳು.

“ಅಮ್ಮನಿಗೆ ಏನಾಯ್ತು?”

“ಅಮ್ಮ ಚೆನ್ನಾಗಿದ್ದಾಳೆ. ಬಾಗಿಲು ಮುಚ್ಚು.”

ಬಸ್ಸಿನಲ್ಲಿ ಹೇಗೆ ಶುರು ಮಾಡಬೇಕೆಂದು ಜೋಡಿಸಿಕೊಂಡಿದ್ದ ಮಾತೊಂದೂ ನೆರವಿಗೆ ಬರಲಿಲ್ಲ. “ನಾನು ಬಕೆಟ್ಟು ಇಳಿಸ್ತಿರಲಿಲ್ಲ,” ಎಂದರು.

“ಯಾವತ್ತು?”

“ಯಾವತ್ತೂ. ಆ ಕೆಂಪು ಗುರುತು ಆರೇ ನಿಜ. ನನ್ನದೆಲ್ಲ ಕೂತು ಬರೆದದ್ದು.”

ಮಗಳು ನಗಲು ಹೊರಟಳು, ಅಪ್ಪನ ತಮಾಷೆ ಎಂದುಕೊಂಡು. ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದರು. ಕೈಕಟ್ಟಿ ನಿಂತದ್ದನ್ನೂ ಹೇಳಿದರು. ಹೇಳುವಷ್ಟು ಹೊತ್ತು ಅವಳ ಮುಖ ನೋಡಲಾಗದೆ ದೀಪದ ಸ್ವಿಚ್ಚನ್ನೇ ನೋಡಿದರು. ಅವಳು ಪುಸ್ತಕ ತೆರೆದು ದೀಪದ ಕೆಳಗೆ ಹಿಡಿದಳು. ಸಣ್ಣ, ನೇರ ಅಕ್ಷರ. ಬೆಳಗಿನ ಆರು, ಎಡಬದಿ, ನಾಲ್ಕು ನಿಮಿಷ, ಇಪ್ಪತ್ತೆರಡು. ಮತ್ತೊಮ್ಮೆ: ಇಪ್ಪತ್ತೆರಡು. ಮಂಜು. ಬಿಳಿ ಹಕ್ಕಿಗಳು, ಇನ್ನೂರರಷ್ಟು.

ಒಂದೊಂದೇ ಪುಟ ಮಗುಚಿ ಕೊನೆಯವರೆಗೂ ಓದಿದಳು.

“ಆಗಲೂ ಇತ್ತು,” ಎಂದಳು ಕೊನೆಗೆ. “ಹೊಸದಲ್ಲ. ಆಗಲೂ ಇತ್ತು ತಣ್ಣೀರು.” ಫೋನು ಎತ್ತಿ ತನ್ನ ಮೇಲಧಿಕಾರಿಗೆ ಹೇಳಿದಳು, “ಸಾರ್, ಇವತ್ತು ಕಳಿಸೋದು ಬೇಡ. ಅಳತೆಗಳು ಸುಳ್ಳು… ಹೌದು, ಬೇಕಂತಲೇ ಬರೆದದ್ದು… ಬರೆದವರೇ ಬಂದು ಹೇಳಿದ್ರು.” ಆ ಕಡೆಯಿಂದ ಏನೋ ಪ್ರಶ್ನೆ ಬಂತು. ಮಗಳು ಅಪ್ಪನ ಕಡೆ ನೋಡಿದಳು.

“ಹೇಳು,” ಎಂದರು ಕ್ಯಾಪ್ಟನ್.

“ನಮ್ಮ ತಂದೆ, ಸಾರ್.”

ಫೋನು ಇಟ್ಟ ಮೇಲೆ ಅವಳು ಅಳಲಿಲ್ಲ, ಬೈಯಲಿಲ್ಲ. ಒಂದು ಪೆಟ್ಟಿಗೆ ಎಳೆದು, ಒಂಬತ್ತು ವರ್ಷದ ಹಾಳೆಗಳನ್ನು ಮುಂದಿಟ್ಟು, ಪೆನ್ಸಿಲ್ ಕೊಟ್ಟಳು. “ಬಕೆಟ್ಟು ಇಳಿಸಿ ಬರೆದದ್ದು ಒಂದಾದರೂ ಇದ್ದರೆ ಗುರುತು ಮಾಡಿ. ಖಾತ್ರಿ ಇದ್ದರೆ ಮಾತ್ರ.” ಹುಟ್ಟಿದಂದಿನಿಂದ ನೀನು ಎನ್ನುತ್ತಿದ್ದ ಮಗಳು. ಹೊರಗಿನಿಂದ ಬಂದ ಯಾರೋ ಹಳೆಯ ನಾವಿಕನಿಗೆ ಹೇಳಿದಂತೆ ಹೇಳಿದಳು.

ಕ್ಯಾಪ್ಟನ್ ಕೂತರು. ಹಾಳೆ ಹಾಳೆಯಲ್ಲೂ ತಮ್ಮದೇ ದುಂಡು ಅಕ್ಷರ. ಅಂದವಾಗಿತ್ತು, ಸುಳ್ಳಿಗೆ ಅವರು ಯಾವತ್ತೂ ಕೆಟ್ಟ ಅಕ್ಷರ ಬಳಸಿರಲಿಲ್ಲ. ಇಲಾಖೆಯ ಅಧಿಕಾರಿ ಹಡಗಿಗೆ ಬಂದಿದ್ದ ದಿನ ನೆನಪಾಯಿತು, ಅವತ್ತು ಇಳಿಸಿದ್ದರು. ಒಂದು ಗುರುತು. ಹೊಸ ಥರ್ಮಾಮೀಟರ್ ಬಂದ ವಾರ ನಾಲ್ಕು. ಎರಡು ಗಂಟೆ ಕಳೆದರೂ ಹದಿನೇಳಕ್ಕಿಂತ ಹೆಚ್ಚು ಸಿಗಲಿಲ್ಲ. ಹದಿನೆಂಟನೆಯದರ ಮೇಲೆ ಪೆನ್ಸಿಲ್ ಇಟ್ಟು, ಖಾತ್ರಿಯಿಲ್ಲವೆಂದು ಎತ್ತಿಕೊಂಡರು. ಜೀವಮಾನದಲ್ಲಿ ಮೊದಲ ಸಲ ಒಂದು ಅಂಕಿಗಾಗಿ ಅಷ್ಟು ಹೊತ್ತು ಯೋಚಿಸಿದ್ದರು.

ಮಗಳು ಅಷ್ಟರಲ್ಲಿ ಪುಸ್ತಕದ ಪ್ರತಿ ಪುಟದ ಚಿತ್ರ ತೆಗೆದುಕೊಂಡಿದ್ದಳು. ಹಾಳೆ ತಿರುಗಿಸಿ ನೋಡಿ, “ಹದಿನೇಳಾ,” ಎಂದಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ಬೆಳಗ್ಗೆ ನಾನು ಅವರ ಅಂಕಿ ನೋಡಿ ನಕ್ಕೆ. ಐಸ್ ಡಬ್ಬ ಅಂದೆ. ಮೂರು ವರ್ಷದ ಕೆಲಸ ಹೋದ್ರೆ ಇನ್ನೊಂದು ಮಾಡ್ಬಹುದು. ಆ ನಗು ಏನು ಮಾಡ್ಲಿ?”

“ನಗಿಸಿದ್ದು ನಾನು.”

“ನೀವು ನಗಿಸಿದ್ರಿ. ನಕ್ಕಿದ್ದು ನಾನು.” ಪುಸ್ತಕವನ್ನು ಒಂದು ಸ್ವಚ್ಛ ಕವರಿನಲ್ಲಿಟ್ಟು ಮುಂದೆ ನೀಡಿದಳು. “ಇದು ನಮ್ಮ ಕೇಂದ್ರದ್ದಲ್ಲ. ನಿಮ್ಮದೂ ಅಲ್ಲ. ಅವರು ಇದ್ದಾರಾ?”

“ಇದ್ದಾನೆ. ಇದ್ದಾರೆ.”

“ನಾನೂ ಬರ್ಲಾ?”

ಬೇಡವೆಂದು ಕ್ಯಾಪ್ಟನ್ ತಲೆಯಾಡಿಸಿದರು. ಓಣಿ ದಾಟಿ ಮೆಟ್ಟಿಲಿಳಿಯುವಾಗ ಹಿಂದಿನಿಂದ, “ಅಪ್ಪಾ, ಮೆಟ್ಟಿಲು ಒದ್ದೆಯಾಗಿದೆ,” ಎಂದದ್ದು ಕೇಳಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಮಧ್ಯಾಹ್ನ ಕಳೆದರೂ ಮಂಜು ಪೂರ್ತಿ ಬಿಟ್ಟಿರಲಿಲ್ಲ. ಐಸ್ ಕಾರ್ಖಾನೆಯ ಹಿಂದಿನ ಬೀದಿ ಅವರು ಮನಸ್ಸಿನಲ್ಲಿ ಬೆಳೆಸಿಕೊಂಡಷ್ಟು ಉದ್ದವಿರಲಿಲ್ಲ. ಹದಿನಾಲ್ಕು ಮನೆ, ಒಂದು ನಲ್ಲಿ. ಮೂರನೆಯ ಮನೆಯ ಜಗಲಿಯ ಮೇಲೆ ಕಡ್ಡಿಯಂಥ ಮುದುಕರೊಬ್ಬರು ಮುರಿದ ಸ್ಟೂಲಿಗೆ ಕಾಲು ಕೂರಿಸುತ್ತಿದ್ದರು. ಮೊಳೆಗಳು ತುಟಿಯ ನಡುವೆ ಇದ್ದವು. ತಲೆಯೆತ್ತಿ ನೋಡಿ, ಒಂದೊಂದೇ ಮೊಳೆ ತೆಗೆದು ಅಂಗೈಗೆ ಹಾಕಿಕೊಂಡರು.

“ಸೆಕೆಂಡ್ ಸಾರ್!” ಎಂದರು. ದನಿಯಲ್ಲಿ ವಿಷವಿರಲಿಲ್ಲ, ಆಶ್ಚರ್ಯವಿತ್ತು. “ಬನ್ನಿ ಬನ್ನಿ, ಮೇಲೆ ಬನ್ನಿ. ಇದರ ಮೇಲೆ ಮಾತ್ರ ಕೂರಬೇಡಿ, ಇನ್ನೂ ಮೂರೇ ಕಾಲು.”

ಕ್ಯಾಪ್ಟನ್ ಕೂರಲಿಲ್ಲ. ಒಳಗಿನಿಂದ ಹೆಣ್ಣು ದನಿಯೊಂದು, “ಯಾರು ಬಂದಿದ್ದು?” ಎಂದಿತು.

“ಹಡಗಿನವರು ಕಣೇ! ನಾನು ಹೇಳ್ತಿದ್ದೆನಲ್ಲ, ನನಗೋಸ್ಕರ ಪುಸ್ತಕ ಹಿಡ್ಕೊಂಡು ಹೋಗಿ ದೊಡ್ಡ ಕ್ಯಾಪ್ಟನ್ ಹತ್ರ ಮಾತಾಡಿದೋರು, ಅವರು.”

ಇಷ್ಟು ವರ್ಷ ಕ್ಯಾಪ್ಟನ್ ತಮ್ಮ ಮನೆಯಲ್ಲಿ ಕೂತು ಈತನನ್ನು ನಗೆಪಾಟಲು ಮಾಡುತ್ತಿದ್ದಾಗ, ಈ ಮನೆಯಲ್ಲಿ ಈತ ಕ್ಯಾಪ್ಟನ್ನರನ್ನು ಒಳ್ಳೆಯವರೆಂದು ಹೇಳಿಕೊಂಡು ಬಂದಿದ್ದರು. ಬೈಗುಳವಾಗಿದ್ದರೆ ತಲೆಬಾಗಿ ಕೇಳಬಹುದಿತ್ತು. ಇದನ್ನು ಹೊರಲು ಅವರಿಗೆ ಹೆಗಲಿರಲಿಲ್ಲ.

“ಒಂದು ಮಾತು ಕೇಳಬೇಕು ಅಂತ ಬಹಳ ವರ್ಷದಿಂದ ಇತ್ತು ಸಾರ್,” ಎಂದರು ಆತ, ಅಂಗೈಯ ಮೊಳೆಗಳನ್ನು ಬೆರಳಿನಿಂದ ಸಾಲಾಗಿ ಜೋಡಿಸುತ್ತಾ. “ನೀವು ತೋರಿಸಿದಾಗ ಅವರು ಏನಂದ್ರು? ಎಲ್ಲಾ ಪುಟ ನೋಡಿದ್ರಾ? ನೋಡಿಯೂ ನಂಬಲಿಲ್ಲ ಅಂದ್ರೆ ನಾನೇ ಎಲ್ಲೋ ತಪ್ಪು ಓದಿರಬೇಕು ಅಂತ ಆಮೇಲಾಮೇಲೆ ನನಗೂ ಅನ್ನಿಸೋಕೆ ಶುರುವಾಯ್ತು. ಈ ಬಂದರಿನ ಕಂಬ ಓದುವಾಗಲೂ ಮೂರು ಮೂರು ಸಲ ಓದ್ತಿದ್ದೆ. ಏನಂದ್ರು ಸಾರ್?”

“ತೋರಿಸಲಿಲ್ಲ,” ಎಂದರು ಕ್ಯಾಪ್ಟನ್. “ನಾನು ಅವರಿಗೆ ತೋರಿಸಲೇ ಇಲ್ಲ. ನೀವು ಓದಿದ್ದು ಸರಿ. ನಾನು ಬಕೆಟ್ಟೇ ಇಳಿಸಿರಲಿಲ್ಲ.”

ಬೀದಿಯ ನಲ್ಲಿಯ ಕೆಳಗೆ ಯಾರೋ ಇಟ್ಟು ಹೋದ ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ಒಳಗಿನ ದನಿ “ಚಹಾ ಇಡ್ಲಾ?” ಎಂದು ಕೇಳಿತು.

ಆಮೇಲೆ ಆತ ಮೊಳೆಗಳನ್ನು ಜಗಲಿಯ ಮೇಲಿಟ್ಟು, ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡರು. ಕ್ಯಾಪ್ಟನ್ ಕವರಿನಿಂದ ಪುಸ್ತಕ ತೆಗೆದು, ಮೆಟ್ಟಿಲಿನ ಕೆಳಗೆಯೇ ನಿಂತು, ಜಗಲಿಯಿಂದ ಕೆಳಕ್ಕೆ ಚಾಚಿದ ಆ ಕೈಗಳಲ್ಲಿ ಅದನ್ನು ಇಟ್ಟರು.